ಮರ್ಫಿಗಿಂತ ಮೊದಲು ಟು-ಇನ್-ಒನ್

ಹಾಸನ ಸೀಮೆಯ ಹಳೇ ಮನೆಗಳ ಅಟ್ಟ ಹತ್ತಿದರೆ ತಳ ಹೋದ ಕೊಳಗ, ಮುರಿದ ತೊಟ್ಟಿಲು, ಆಲೂಗಡ್ಡೆಯ ಖಾಲಿ ಗೋಣಿಚೀಲಗಳ ಹಿಂದೆ ಯಾವುದಾದರೊಂದು ಹಾಡುವ ಯಂತ್ರ ಇರುವುದುಂಟು. ಮರದ ಪೆಟ್ಟಿಗೆಯ ಮರ್ಫಿಯೋ ಫಿಲಿಪ್ಸೋ ರೇಡಿಯೊ, ಚರ್ಮದ ಕವಚದ ಟ್ರಾನ್ಸಿಸ್ಟರ್, ಹಿಡಿ ಮುರಿದ ಟೇಪ್‌ರೆಕಾರ್ಡರ್, ಮನೆತನ ಸ್ವಲ್ಪ ದೊಡ್ಡದಾಗಿದ್ದರೆ ಒಂದು ಗ್ರಾಮೊಫೋನು. ಇಪ್ಪತ್ತು ವರ್ಷದ ಹಿಂದೆ ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋಗುತ್ತಿದ್ದ ಈ ಸಾಮಾನಿಗೆ ಈಗ ಗಿರಾಕಿ ಹುಟ್ಟಿದ್ದಾರೆ. ಬೆಂಗಳೂರಿನ ಸಂಡೆ ಬಜಾರಿನಲ್ಲಿ, ಕಾಫಿ ಸೀಮೆಯ ಹೋಂಸ್ಟೇಗಳ ಹಜಾರದಲ್ಲಿ ಅವು ಮತ್ತೆ ಕಾಣಿಸಿಕೊಳ್ಳುತ್ತಿವೆ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹಾಡಿಸಬೇಕು, ಯಾವುದಕ್ಕೆ ದುಡ್ಡು ಸುರಿಯುವುದು ದಂಡ ಎಂಬುದನ್ನು ಒಮ್ಮೆ ಕೂತು ಯೋಚಿಸುವ ಹೊತ್ತು ಬಂದಿದೆ.

ದೊಡ್ಡಗದ್ದವಳ್ಳಿಗೆ ಪರಸ್ಥಳದವರು ಬರುವುದು ಲಕ್ಷ್ಮೀದೇವಿ ಗುಡಿ ನೋಡಲು. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ ಚತುಷ್ಕೂಟ ಅದು. ಗುಡಿಗೆ ಪುರಾತತ್ವ ಇಲಾಖೆಯಿದೆ, ಫಲಕವಿದೆ, ಬೇಲಿಯಿದೆ. ಸುತ್ತಮುತ್ತಲ ಹಳ್ಳಿಗಳ ಅಟ್ಟದ ಮೇಲಿನ ಐವತ್ತು ವರ್ಷದ ಯಂತ್ರಗಳಿಗೆ ಮಾತ್ರ ಗುಜರಿ ಗಾಡಿಯೇ ಇಲಾಖೆ. ಅವನ್ನು ಉಳಿಸುವ ನಿರ್ಧಾರ ಮನೆಯವರದೇ. ಆ ನಿರ್ಧಾರವನ್ನು ಬಹುಪಾಲು ಜನ ಅಂದ ನೋಡಿ ಮಾಡುತ್ತಾರೆ. ಮರದ ರೇಡಿಯೊ ಷೋಕೇಸಿಗೆ ಹೋಗುತ್ತದೆ, ಪ್ಲಾಸ್ಟಿಕ್ಕಿನ ಟೇಪ್‌ರೆಕಾರ್ಡರ್ ಗುಜರಿಗೆ. ಈ ಕ್ರಮ ತಲೆಕೆಳಗಾಗಿದೆ ಎನ್ನುವುದೇ ನನ್ನ ತಕರಾರು.

ವಯಸ್ಸಿನ ಲೆಕ್ಕಕ್ಕೆ ಗ್ರಾಮೊಫೋನಿಗೆ ಮೊದಲ ಮಣೆ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ಕೊನೆಗಾಲಕ್ಕೆ ಬಂದು ಸೇರಿದ್ದು ನಮ್ಮ ಮೈಸೂರನ್ನೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಾಕೆ 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಸೂಟ್‌ಕೇಸಿನ ಆಕಾರದ, ಎಚ್‌ಎಂವಿ 102ರಂಥ ಪೋರ್ಟಬಲ್ ಪೆಟ್ಟಿಗೆಗಳು. ಇವಕ್ಕೆ ಕರೆಂಟೂ ಬೇಡ, ಸ್ಟೇಷನ್ನೂ ಬೇಡ. ಕೀ ಕೊಟ್ಟು, ಪಿನ್ನು ಸಿಕ್ಕಿಸಿ, ಪ್ಲೇಟಿನ ಮೇಲಿಟ್ಟರೆ ಮೂರು ನಿಮಿಷದ ಹಾಡು ಮುಗಿಯಿತು. ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಮಾಡಿದ ಆ ಪ್ಲೇಟು ಉಕ್ಕಿನ ಪಿನ್ನನ್ನು ಬೇಗ ಸವೆಸುತ್ತದೆ. ಸವೆದ ಪಿನ್ನು ತಿರುಗಿ ಪ್ಲೇಟನ್ನೇ ಕೊರೆಯುತ್ತದೆ. ಹಾಗಾಗಿ ಒಂದು ಮಗ್ಗುಲಿಗೆ ಒಂದು ಪಿನ್ನು ಎಂಬ ಹಿರಿಯರ ನಿಯಮ ಜಿಪುಣತನಕ್ಕೆ ಬಗ್ಗಬಾರದು. ಪಿನ್ನು ಇವತ್ತಿಗೂ ಸಿಗುತ್ತದೆ. ಸ್ಪ್ರಿಂಗಿಗೆ ಗ್ರಾಫೈಟ್ ಗ್ರೀಸು ಹಾಕಿಸಿ ಇಟ್ಟರೆ ಈ ಪೆಟ್ಟಿಗೆ ಮೊಮ್ಮಕ್ಕಳ ಕಾಲಕ್ಕೂ ತಿರುಗೀತು.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಹೊಸ ಪಾಲಿಶ್ ಹೊಡೆದ ಮರದ ಬುಡ, ಅದರ ಮೇಲೊಂದು ನಾಯಿಯ ಸ್ಟಿಕ್ಕರ್ ಇದ್ದರೆ ಅದು ಪ್ರವಾಸಿಗರಿಗೆಂದೇ ಬಿಡಿಭಾಗ ಕೂಡಿಸಿ ಕಟ್ಟಿದ ಮಾಲು. ಒಳಗಿರುವುದು ಬಹುಮಟ್ಟಿಗೆ ಯಾವುದೋ ಪೋರ್ಟಬಲ್‌ನಿಂದ ಕಿತ್ತ ಮೋಟಾರು. ಕಹಳೆಯಿಲ್ಲದ, ಮಸುಕು ಬಟ್ಟೆಯ ಪೆಟ್ಟಿಗೆಯೇ ಅಸಲಿ ಆಗಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಸೋಜಿಗವನ್ನೂ ಹೇಳಿಬಿಡುತ್ತೇನೆ. ಹೊರದೇಶಗಳು ಬಹುಪಾಲು 78ರ ವೇಗದ ಪ್ಲೇಟು ಬಿಟ್ಟಮೇಲೂ ನಮ್ಮಲ್ಲಿ ಅದು ನಡೆದೇ ಇತ್ತು. ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಡುವ ಯಂತ್ರವೇ ಗತಿ ತಾನೆ? ಹಾಗಾಗಿ ಬೀಟಲ್ಸ್ ಹಾಡುಗಳು ಕೂಡ ಭಾರತದಲ್ಲಿ 78ರ ಪ್ಲೇಟಾಗಿ ಬಂದವು. ಅವಕ್ಕಾಗಿ ಈಗ ಹೊರದೇಶದ ಸಂಗ್ರಾಹಕರು ಮುಗಿಬೀಳುತ್ತಾರೆ.

ಗ್ರಾಮೊಫೋನಿನ ಸುಖ ಇಷ್ಟು. ಆದರೆ ಅದು ಹಾಡುವ ಹಾಡು ನಿಮ್ಮ ಮನೆಯೊಂದರದೇ ಅಲ್ಲ. ಅದೇ ಪ್ಲೇಟಿನ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ. ವಿಕ್ರಂ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಕಡೆ ಅಂಥ ಎಷ್ಟೋ ಪ್ಲೇಟುಗಳು ಡಿಜಿಟಲ್ ರೂಪಕ್ಕೆ ಬಂದಿವೆ. ನಿಮ್ಮ ಪ್ಲೇಟು ಒಡೆದರೆ ನಷ್ಟ ನಿಮಗೆ, ನಾಡಿಗಲ್ಲ.

ಇನ್ನು ವಾಲ್ವು ರೇಡಿಯೊ. ಜನರ ಮೋಹ ನಿಂತಿರುವುದೇ ಇದರ ಮೇಲೆ, ಮೋಸ ಹೋಗುವುದೂ ಇಲ್ಲೇ. ಕನ್ನಡದ ರೇಡಿಯೊ ಕಥೆ ಶುರುವಾಗುವುದು 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸಿದ 'ಆಕಾಶವಾಣಿ'ಯಿಂದ. ಅದು 1955ರಲ್ಲಿ ಬೆಂಗಳೂರಿಗೆ ಹೋಯಿತು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೂ ಈ ಪೆಟ್ಟಿಗೆಗೂ ಹತ್ತಿರದ ನೆಂಟಸ್ತಿಕೆಯಿದೆ. ಕಾವೇರಿ ದಂಡೆಯ ಆ ಸಂಗೀತಗಾರರ ಊರಿನಿಂದ ಬಂದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ರೇಡಿಯೊ ಮುಂದೆ ಕೂತು ಅವರ ಪಾಠ ಕೇಳಿ ಕೀರ್ತನೆ ಕಲಿತವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಆಗ ರೇಡಿಯೊ ಇಡಲು ಅಂಚೆಕಚೇರಿಯಲ್ಲಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು. 1980ರ ದಶಕದ ನಡುವಿನವರೆಗೂ ಆ ಪುಸ್ತಕಕ್ಕೆ ವರ್ಷವರ್ಷವೂ ದುಡ್ಡು ಕಟ್ಟಿಸಿಕೊಳ್ಳುತ್ತಿದ್ದರು. ಹಳೇ ಸೆಟ್ಟಿನ ಜೊತೆ ಆ ಲೈಸೆನ್ಸ್ ಪುಸ್ತಕವೂ ಸಿಕ್ಕರೆ ಎಸೆಯಬೇಡಿ. ಸೆಟ್ಟು ಯಾವಾಗ ಯಾರ ಮನೆಗೆ ಬಂತೆಂದು ಹೇಳುವ ದಾಖಲೆ ಅದೊಂದೇ.

ಸೆಟ್ಟಿನ ಹಿಂದಿನ ರಟ್ಟು ಬಿಚ್ಚಿ ನೋಡಿ. ಧೂಳು, ಜೇಡರ ಬಲೆ, ಒಮ್ಮೊಮ್ಮೆ ಇಲಿಯ ಗೂಡು. ಅವುಗಳ ನಡುವೆ ನಾಲ್ಕೈದು ಗಾಜಿನ ವಾಲ್ವುಗಳು ನಿಂತಿರುತ್ತವೆ. ಕೆಲವುಗಳ ಮೇಲೆ ಬಿಇಎಲ್ ಎಂದಿರುತ್ತದೆ. ಅವು ನಮ್ಮ ಜಾಲಹಳ್ಳಿಯವು. ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಮಾಡಲು ಶುರುಮಾಡಿತು. ವಾಲ್ವಿನ ನಂಬರಿನ ಮೊದಲ ಅಕ್ಷರ ಓದಿಕೊಳ್ಳಿ. ಇಸಿಎಚ್ 81, ಇಜೆಡ್ 80 ಎಂದು 'ಇ'ಯಿಂದ ಶುರುವಾದರೆ ಒಳಗೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇದೆ. ಯುಸಿಎಚ್ 81, ಯುವೈ 85 ಎಂದು 'ಯು'ವಿನಿಂದ ಶುರುವಾದರೆ ಅದು ಎಸಿ-ಡಿಸಿ ಸೆಟ್ಟು. ಟ್ರಾನ್ಸ್‌ಫಾರ್ಮರ್ ಇಲ್ಲ, ಗೋಡೆಯ ಕರೆಂಟು ನೇರವಾಗಿ ಒಳಗಿನ ತಗಡಿನ ಚಾಸಿಗೇ ತಾಗಿಕೊಂಡಿರುತ್ತದೆ. ಪ್ಲಗ್ಗನ್ನು ತಿರುವುಮುರುವು ಹಾಕಿದರೆ ಇಡೀ ಚಾಸಿ 230 ವೋಲ್ಟ್. ತಿರುಗಣೆಯ ಬಿರಡೆ ಕಳಚಿಹೋಗಿ ಬರೀ ಕಂಬಿ ಹಿಡಿದು ಸ್ಟೇಷನ್ ತಿರುಗಿಸಲು ಹೋದವರಿಗೆ ಶಾಕ್ ಹೊಡೆಯುತ್ತಿದ್ದುದು ಇದಕ್ಕೇ.

ಹಳೇ ಮೆಕ್ಯಾನಿಕ್ಕನ ಮುಂದೆ ಇಂಥ ಸೆಟ್ಟು ಇಟ್ಟರೆ ಅವರು ಕೇಳುವ ಮೊದಲ ಮಾತು, "ಆನ್ ಮಾಡಿದ್ರಾ ಸ್ವಾಮಿ?"

"ಒಂದೇ ಒಂದ್ಸಲ ಅಣ್ಣ, ಹಾಡುತ್ತೇನೋ ನೋಡಣ ಅಂತ."

ಅವರ ಮುಖ ಆಗಲೇ ಬಾಡುತ್ತದೆ. ದಶಕಗಟ್ಟಲೆ ಮಲಗಿದ್ದ ಸೆಟ್ಟಿನ ಕಾಗದದ ಕಂಡೆನ್ಸರುಗಳು ಸೋರತೊಡಗಿರುತ್ತವೆ. ಕೊನೆಯ ವಾಲ್ವಿಗೆ ದನಿ ದಾಟಿಸುವ ಕಂಡೆನ್ಸರ್ ಸೋರಿದರೆ ಆ ವಾಲ್ವು ಕೆಂಪಗೆ ಕಾದು, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಂಡು ಹೋಗುತ್ತದೆ. ಬಲ್ಲವರು ಮೊದಲು ಆ ಕಂಡೆನ್ಸರುಗಳನ್ನು ಬದಲಿಸಿ, ಆಮೇಲೆ ಸರಣಿಯಲ್ಲಿ ಒಂದು ಬಲ್ಬು ಹಾಕಿ ನಿಧಾನವಾಗಿ ಕರೆಂಟು ಕೊಡುತ್ತಾರೆ. ಬಲ್ಬು ಜೋರಾಗಿ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಮಂದವಾಗಿ ನಿಂತರೆ ಮುಂದುವರಿಯಬಹುದು.

ಸರಿ, ಸೆಟ್ಟು ರಿಪೇರಿಯಾಯಿತು, ಹಸಿರು ಕಣ್ಣು ಹೊತ್ತಿಕೊಂಡಿತು. ಕೇಳುವುದೇನನ್ನು? ಹಾಸನದ ಆಕಾಶವಾಣಿ ಬರುವುದು ಎಫ್‌ಎಂ 102.2ರಲ್ಲಿ. ನಿಮ್ಮ ಮರ್ಫಿಯ ಡಯಲಿನ ಮೇಲಿರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್. ನಿಮ್ಮೂರಿನ ಸ್ಟೇಷನ್ನೇ ನಿಮ್ಮ ರೇಡಿಯೊದಲ್ಲಿ ಬಾರದು! ಶಾರ್ಟ್ ವೇವ್ ಎಂದರೆ ಒಂದು ಕಾಲಕ್ಕೆ ರೇಡಿಯೊ ಸಿಲೋನ್ ಎಂದೇ ಅರ್ಥ. 1950ರ ದಶಕದಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಮುಖ ತಿರುಗಿಸಿದಾಗ ಜನ 1952ರಲ್ಲಿ ಶುರುವಾದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಹುಡುಕಿಕೊಂಡು ಹೋದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿದ್ದೇ ಆ ಗುಳೆಯನ್ನು ತಡೆಯಲು. ಈಗ ಶಾರ್ಟ್ ವೇವ್ ಬಹುತೇಕ ಹಾಳುಬಿದ್ದ ಊರು. ಬಿಬಿಸಿ ಹಿಂದಿ ಪ್ರಸಾರ ಕೂಡ 2020ರ ಜನವರಿಗೆ ಅಲ್ಲಿಂದ ಎದ್ದುಹೋಯಿತು. ಮೀಡಿಯಂ ವೇವ್‌ನಲ್ಲಿ 612 ಕಿಲೊಹರ್ಟ್ಸ್‌ನ ಬೆಂಗಳೂರು, 675ರ ಭದ್ರಾವತಿ ನಮ್ಮ ಕಡೆಯ ಹಳೇ ನೆಲೆಗಳು. ಆದರೆ ದೇಶದ ತುಂಬ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಉಳಿದವುಗಳಲ್ಲಿ ಕೆಲವು ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರಕ್ಕೆ ತಿರುಗಿವೆ. ಹಳೇ ಸೆಟ್ಟಿಗೆ ಅದು ಬರೀ ಭೋರ್ಗರೆತ.

ಬರುವ ಸ್ಟೇಷನ್ನನ್ನೂ ಕೇಳಲು ಬಿಡದ್ದು ನಮ್ಮ ಮನೆಯೊಳಗಿನ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಯುಪಿಎಸ್. ಇವೆಲ್ಲ ಮೀಡಿಯಂ ವೇವ್ ತುಂಬ ಗೊರಗೊರ ಹರಡುತ್ತವೆ. ಸೆಟ್ಟು ಕೆಟ್ಟಿದೆ ಎಂದು ಮೆಕ್ಯಾನಿಕ್ಕನ ಹತ್ತಿರ ಹೊರುವ ಮುನ್ನ ಮನೆಯ ಚಾರ್ಜರುಗಳನ್ನೆಲ್ಲ ಕಿತ್ತು ನೋಡಿ. ಹಿಂದೆ ಕೋಣೆಯ ಉದ್ದಕ್ಕೂ ಕಟ್ಟುತ್ತಿದ್ದ ತಾಮ್ರದ ಜಾಲರಿ ಏರಿಯಲ್ ನೆನಪಿದೆಯೇ? ಅದರ ಬದಲು ಮನೆಯಿಂದ ದೂರಕ್ಕೆ, ತೆಂಗಿನ ಮರಕ್ಕೆ ಒಂದು ತಂತಿ ಎಳೆದರೆ ಗೊಣಗು ಎಷ್ಟೋ ತಗ್ಗುತ್ತದೆ.

ಕೆಲವರು ಜಾಣತನ ಮಾಡಿ ಸೆಟ್ಟಿನ ಹಿಂದಿರುವ ಗ್ರಾಮೊಫೋನ್ ತೂತಿಗೆ ಮೊಬೈಲ್ ಫೋನಿನ ತಂತಿ ಸಿಕ್ಕಿಸುತ್ತಾರೆ. ರಾಜ್‌ಕುಮಾರ್ ಹಾಡು ವಾಲ್ವಿನ ತುಂಬುದನಿಯಲ್ಲಿ ಬರುವುದೇನೋ ನಿಜ, ಕೇಳಲು ಹಬ್ಬವೇ. ಆದರೆ 'ಯು' ವಾಲ್ವಿನ ಸೆಟ್ಟಿನಲ್ಲಿ ಹಾಗೆ ಮಾಡಿದರೆ ಕೈಯಲ್ಲಿರುವ ಫೋನೇ 230 ವೋಲ್ಟಿನ ತುದಿಯಾಗಬಹುದು. ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಗೊಡವೆಗೆ ಹೋಗಬೇಡಿ. ಒಟ್ಟಾರೆ ವಾಲ್ವು ರೇಡಿಯೊ ಮನೆಗೆ ಶೋಭೆ, ಕೈಗೆ ಕೆಲಸ, ಕಿವಿಗೆ ಅರೆಹೊಟ್ಟೆ.

ಟ್ರಾನ್ಸಿಸ್ಟರಿಗೆ ಇಷ್ಟು ವ್ಯಾಖ್ಯಾನ ಬೇಡ. ಗದ್ದೆಯ ಬದುವಿನ ಮೇಲಿಟ್ಟು ಕೃಷಿರಂಗ ಕೇಳಿದ, ಕಿವಿಗೊತ್ತಿಕೊಂಡು ಕ್ರಿಕೆಟ್ ಕಾಮೆಂಟರಿ ಕೇಳಿದ ಪೀಳಿಗೆಗೆ ಅದರ ಪರಿಚಯ ಮಾಡಿಸಬೇಕಿಲ್ಲ. ಸೆಲ್ಲು ಹಾಕಿ ಮರೆತುಬಿಡುವುದೊಂದೇ ಅದನ್ನು ಕೊಲ್ಲುವ ಸುಲಭದ ದಾರಿ. ಸೋರಿದ ಸೆಲ್ಲು ಸ್ಪ್ರಿಂಗನ್ನೂ ತಾಮ್ರದ ಗೆರೆಗಳನ್ನೂ ತಿಂದುಹಾಕುತ್ತದೆ. ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಕೂತು ಹಳೇ ಸೆಟ್ಟಿನಲ್ಲಿ ದಿನಾ ಏನಾದರೂ ಕೇಳಬೇಕು ಎನ್ನುವವರಿಗೆ ನನ್ನ ಸಲಹೆ, ಎಫ್‌ಎಂ ಇರುವ 1980–90ರ ದಶಕದ ಟ್ರಾನ್ಸಿಸ್ಟರ್ ಹುಡುಕಿ. ಸಂಗ್ರಾಹಕರು ಅದನ್ನು ಮೂಸಿಯೂ ನೋಡುವುದಿಲ್ಲ, ಹಾಗಾಗಿ ಅಗ್ಗಕ್ಕೆ ಸಿಗುತ್ತದೆ, ನಮ್ಮೂರ ಸ್ಟೇಷನ್ನನ್ನು ಸ್ವಚ್ಛವಾಗಿ ಹಿಡಿಯುತ್ತದೆ.

ಎಲ್‌ಪಿ ಪ್ಲೇಯರ್ ಮತ್ತು ದೊಡ್ಡ ಸ್ಟೀರಿಯೊಗಳ ಹುಚ್ಚು ಹೆಚ್ಚಾಗಿ ಪಟ್ಟಣದ್ದು. ನಮ್ಮ ಮನೆಗಳಲ್ಲಿ ಸಿಗುವುದು ಎಚ್‌ಎಂವಿ ಫಿಯೆಸ್ಟಾದಂಥ ಮುಚ್ಚಳದ ಪ್ಲೇಯರು. ಇಂಥವುಗಳ ಕ್ರಿಸ್ಟಲ್ ಕಾರ್ಟ್ರಿಡ್ಜಿನೊಳಗಿನ ಉಪ್ಪಿನ ಹರಳು ತೇವ ಹೀರಿ ಸಾಯುತ್ತದೆ. ಚನ್ನರಾಯಪಟ್ಟಣದ ಒಣ ಹವೆಯಲ್ಲಿ ಬದುಕುಳಿದದ್ದು ಸಕಲೇಶಪುರದ ಮಳೆಯಲ್ಲಿ ಮೂಕವಾಗಿರುತ್ತದೆ. ಬದಲಿ ಸೆರಾಮಿಕ್ ಕಾರ್ಟ್ರಿಡ್ಜ್ ಸಿಗುತ್ತದೆ. ಒಳ್ಳೆಯ ಎಲ್‌ಪಿಗಳನ್ನು ಮಾತ್ರ ಅದರ ಭಾರದ ತೋಳಿಗೆ ಒಪ್ಪಿಸಬೇಡಿ. ಇನ್ನು ಮದುವೆ ಚಪ್ಪರಕ್ಕೆ, ಜಾತ್ರೆಗೆ ಪ್ಲೇಟು ಹಾಕುತ್ತಿದ್ದ ಮೈಕ್‌ಸೆಟ್‌ನವರ ಅಹುಜಾ ಆಂಪ್ಲಿಫೈಯರುಗಳು ಎಷ್ಟೋ ಊರಲ್ಲಿ ಇನ್ನೂ ಕೆಲಸ ಮಾಡುತ್ತಲೇ ಇವೆ. ಅವನ್ನು ಹಳೆಯವು ಎನ್ನಲು ಅವುಗಳ ಯಜಮಾನರೇ ಒಪ್ಪುವುದಿಲ್ಲ.

ಕಡೆಗೆ ಬಂದೆ ಟೇಪ್‌ರೆಕಾರ್ಡರಿಗೆ. ಫಿಲಿಪ್ಸ್ 1963ರಲ್ಲಿ ಕ್ಯಾಸೆಟ್ಟನ್ನು ಬರ್ಲಿನ್ನಿನ ಪ್ರದರ್ಶನದಲ್ಲಿ ಇಟ್ಟಾಗ ಅದು ಮಾತು ಮುದ್ರಿಸಿಕೊಳ್ಳುವ ಸಣ್ಣ ಸಲಕರಣೆಯಷ್ಟೇ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕನ್ನಡ ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆಯಿತು. 1987ರ 'ಪ್ರೇಮಲೋಕ' ಬರುವ ಹೊತ್ತಿಗೆ ಹಳ್ಳಿ ಹೋಟೆಲಿನಲ್ಲೂ ಬಸ್ಸಿನಲ್ಲೂ ಕ್ಯಾಸೆಟ್ಟೇ ಕ್ಯಾಸೆಟ್ಟು. ರೇಡಿಯೊ, ಟೇಪು ಎರಡೂ ಒಂದರಲ್ಲೇ ಇದ್ದ ಟು-ಇನ್-ಒನ್ ಆಗ ಮದುವೆಯ ಉಡುಗೊರೆ, ವರನ ಬೇಡಿಕೆಯ ಪಟ್ಟಿಯಲ್ಲಿ ಒಂದು ಸಾಲು.

ಟು-ಇನ್-ಒನ್‌ಗೆ ಇದ್ದ ಒಂದು ಶಕ್ತಿ ಮರ್ಫಿಗೂ ಗ್ರಾಮೊಫೋನಿಗೂ ಇರಲಿಲ್ಲ. ಅದರಲ್ಲೊಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದ್ದರಿಂದ ಅಜ್ಜಿಯ ಸೋಬಾನೆ ಪದ, ಅಜ್ಜನ ತತ್ವಪದ, ಮಗುವಿನ ಮೊದಲ ತೊದಲು ಟೇಪಿಗೆ ಹತ್ತಿದವು. ನಮ್ಮ ಕಡೆಯ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಉಪಯೋಗವೂ ಇತ್ತು. 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕ ಕಲಿಯುವಾಗ ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಕಂದ, ವೃತ್ತ, ಹಾಡುಗಳನ್ನು ದುರ್ಯೋಧನನ ಪಾತ್ರಧಾರಿ ಟೇಪು ಮಾಡಿಕೊಂಡು ಹೋಗಿ ಹೊಲದಲ್ಲಿ ಕೇಳಿ ಬಾಯಿಪಾಠ ಮಾಡುತ್ತಿದ್ದ. ಆ ಮೇಷ್ಟ್ರುಗಳಲ್ಲಿ ಬಹುಪಾಲು ಮಂದಿ ಈಗಿಲ್ಲ. ಅವರ ಹಾಡಿಕೆಗೆ ಪ್ಲೇಟು ಕಂಪನಿ ಬರಲಿಲ್ಲ, ಆಕಾಶವಾಣಿಯ ಕರೆ ಬರಲಿಲ್ಲ. ಎಚ್.ಎಲ್. ನಾಗೇಗೌಡರು ಜಾನಪದ ಲೋಕಕ್ಕಾಗಿ ಊರೂರು ತಿರುಗಿದ್ದು ಎಷ್ಟೋ ಪದಗಳನ್ನು ಉಳಿಸಿತು. ಅವರ ಕೈಗೆ ಸಿಗದವು ಇರುವುದು ನಿಮ್ಮ ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬದಲ್ಲಿ, ಒಂದೇ ಒಂದು ಪ್ರತಿಯಾಗಿ.

ಆ ಡಬ್ಬದ ಲೇಬಲ್ಲುಗಳನ್ನು ನಂಬಬೇಡಿ. ಸಿನಿಮಾ ಕ್ಯಾಸೆಟ್ಟಿನ ಮೇಲಂಚಿನ ಎರಡು ಚಿಕ್ಕ ಗುಳಿ ಗಮನಿಸಿ. ಅಳಿಸಿಹೋಗದಿರಲಿ ಎಂದು ಕಂಪನಿಯವರು ಅಲ್ಲಿ ಬಿರಡೆ ಇಡುತ್ತಿರಲಿಲ್ಲ. ನಮ್ಮವರು ಆ ಗುಳಿಗೆ ಕಾಗದ ತುರುಕಿಯೋ ಅಂಟುಪಟ್ಟಿ ಹಚ್ಚಿಯೋ ಅದರ ಮೇಲೆಯೇ ಬೇಕಾದ್ದನ್ನು ಮುದ್ರಿಸಿಕೊಳ್ಳುತ್ತಿದ್ದರು. ಹೊಸ ಕ್ಯಾಸೆಟ್ಟಿಗೆ ದುಡ್ಡು ಎಲ್ಲಿತ್ತು? ಗುಳಿಯಲ್ಲಿ ಕಾಗದ ಕಂಡರೆ ಅದರೊಳಗೆ ಸಿನಿಮಾ ಹಾಡು ಇಲ್ಲವೆಂದೇ ತಿಳಿಯಿರಿ. ಮೊದಲು ಆ ಕಾಗದ ತೆಗೆದುಹಾಕಿ, ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಯದ ಹಾಗೆ.

ಟೇಪು ಇಟ್ಟುಕೊಂಡು ಯಂತ್ರ ಗುಜರಿಗೆ ಹಾಕಿದರೆ ಅರ್ಧ ಕಳೆದ ಹಾಗೆ. ಯಾಕೆಂದರೆ ಮನೆಯ ಟು-ಇನ್-ಒನ್‌ಗಳ, ಟೇಪಿಗೆ ತಾಗುವ ಹೆಡ್ಡು ಕರಾರುವಾಕ್ಕಾಗಿ ನೇರ ಕೂತಿರುವುದು ಕಡಿಮೆ. ಕೂದಲೆಳೆಯಷ್ಟು ಓರೆಯಾಗಿದ್ದ ಹೆಡ್ಡಿನಲ್ಲಿ ಮುದ್ರಿಸಿದ್ದು ಅದೇ ಓರೆಯ ಹೆಡ್ಡಿನಲ್ಲೇ ಸ್ಪಷ್ಟ. ಬೇರೆ ದುಬಾರಿ ಡೆಕ್ಕಿನಲ್ಲಿ ಹಾಕಿದರೆ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಆಗ ಹೆಡ್ಡಿನ ಪಕ್ಕದ ಸ್ಪ್ರಿಂಗಿರುವ ಸ್ಕ್ರೂವನ್ನು ಟೇಪು ಓಡುತ್ತಿರುವಾಗಲೇ ತುಸು ಆಚೀಚೆ ತಿರುಗಿಸಬೇಕು. 'ಸ', 'ಚ' ಅಕ್ಷರಗಳು ಚುರುಕಾಗಿ ಕೇಳಿದ ಕಡೆ ನಿಲ್ಲಿಸಬೇಕು. ಮುದ್ರಿಸಿದ ಯಂತ್ರವೇ ಕೈಯಲ್ಲಿದ್ದು, ಅದರ ಸ್ಕ್ರೂವನ್ನು ಯಾರೂ ಮುಟ್ಟಿಲ್ಲವಾದರೆ ಈ ತಾಪತ್ರಯವೇ ಇಲ್ಲ.

ಯಂತ್ರ ತಿರುಗದಿದ್ದರೆ ನೂರಕ್ಕೆ ತೊಂಬತ್ತು ಸಲ ಬೆಲ್ಟಿನದೇ ಕಿರಿಕಿರಿ. ರಬ್ಬರು ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಾಗಿರುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಗಾಲಿಗಳನ್ನು ಒರೆಸಿ ಹೊಸದು ಹಾಕಿದರೆ ಮುಗಿಯಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಬೆಲ್ಟನ್ನು ಅಳತೆಗೆ ಕೊಟ್ಟರೆ ಹೊಂದುವುದನ್ನು ಹುಡುಕಿಕೊಡುವವರು ಇನ್ನೂ ಇದ್ದಾರೆ. ದನಿ ಅಳುತ್ತಾ ಎಳೆದರೆ ಮೋಟಾರಿನ ಬೆನ್ನಿನ ಸಣ್ಣ ತೂತಿನಲ್ಲಿ ವೇಗ ತಿದ್ದುವ ಸ್ಕ್ರೂ ಇರುತ್ತದೆ. ಹೆಡ್ಡನ್ನೂ ಟೇಪು ಎಳೆಯುವ ರಬ್ಬರು ಉರುಳೆಯನ್ನೂ ಒರೆಸದೆ ಅಪರೂಪದ ಟೇಪು ಹಾಕಬೇಡಿ. ಕಂದು ಧೂಳು ಕೂತ ಉರುಳೆ ಟೇಪನ್ನು ಸುತ್ತಿಕೊಂಡು ನುಂಗುತ್ತದೆ. ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ಟನ್ನಂತೂ ಯಂತ್ರದೊಳಗೆ ಬಿಡಲೇಬಾರದು, ಅದು ಹೆಡ್ಡಿಗೂ ಹರಡಿ ಮುಂದಿನ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಸಕಲೇಶಪುರದ ಕಡೆಯ ಕ್ಯಾಸೆಟ್ಟುಗಳಲ್ಲಿ ಇದೇ ದೊಡ್ಡ ಪೀಡೆ.

ನಕಲು ಮಾಡಿಕೊಳ್ಳುವಾಗ ಫೋನನ್ನು ಸ್ಪೀಕರಿನ ಮುಂದೆ ಹಿಡಿದು ಮುದ್ರಿಸುವವರೇ ಹೆಚ್ಚು. ಅಜ್ಜಿಯ ಹಾಡಿನ ಜೊತೆ ಕುಕ್ಕರಿನ ಸೀಟಿಯೂ ಸೇರುತ್ತದೆ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಎಳೆದು, ಯಂತ್ರದ ವಾಲ್ಯೂಮು ಮೂರನೆಯ ಒಂದರಷ್ಟಿಟ್ಟು ಮಾಡಿದರೆ ಎಷ್ಟೋ ಮೇಲು. ಇಲ್ಲಿ ಎಸಿ-ಡಿಸಿ ವಾಲ್ವು ಸೆಟ್ಟಿನ ಭಯವಿಲ್ಲ, ಸೆಲ್ಲು ಹಾಕಿ ನಡೆಸಿದರಂತೂ ಕರೆಂಟಿನ ಗುಂಯ್‌ಗುಟ್ಟುವಿಕೆಯೂ ಇರುವುದಿಲ್ಲ. ಮೊದಲೊಮ್ಮೆ ಟೇಪನ್ನು ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿಸಿ. ಸಿ-90ರ ಟೇಪು ಸಿ-60ಕ್ಕಿಂತ ತೆಳು, ಅದಕ್ಕೆ ಇನ್ನೂ ಮೆಲ್ಲಗೆ. ಮುದ್ರಿಸಿದ್ದನ್ನು ಹಾಗೆಯೇ, ಗೊರಗೊರ ಸಮೇತ ಒಂದು ಪ್ರತಿ ಇಡಿ. ಸೋಸುವುದೇನಿದ್ದರೂ ಇನ್ನೊಂದು ಪ್ರತಿಯಲ್ಲಿ.

ಯಂತ್ರ ಸರಿಯಿದ್ದು, ಬೆಲ್ಟು ಹೊಸದಿದ್ದೂ ದನಿ ಬಂದು ಬಂದು ಮಾಯವಾದರೆ ಕ್ಯಾಸೆಟ್ಟಿನ ನಡುವಿನ ಕಿಂಡಿ ನೋಡಿ. ಟೇಪನ್ನು ಹೆಡ್ಡಿಗೆ ಒತ್ತುವ ಉಣ್ಣೆಯ ಚಿಕ್ಕ ತುಂಡು ಅಲ್ಲಿರಬೇಕು. ಅಂಟು ಒಣಗಿ ಅದು ಉದುರಿಹೋಗಿರುತ್ತದೆ. ಐದು ಸ್ಕ್ರೂಗಳ ಕ್ಯಾಸೆಟ್ಟಾದರೆ ಬಿಚ್ಚುವುದು ಸುಲಭ, ಅಂಟಿಸಿದ್ದಾದರೆ ಅಂಚಿಗೆ ಬ್ಲೇಡು ತೂರಿಸಿ ನಿಧಾನವಾಗಿ ಬಿಡಿಸಬೇಕು. ಟೇಪಿನ ಎರಡು ಸುರುಳಿಗಳನ್ನು ಹಾಗೆಯೇ ಎತ್ತಿ ಒಳ್ಳೆಯ ತುಂಡಿರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿನಲ್ಲಿ ಕೂರಿಸಬಹುದು. ಆ ಚಿಪ್ಪಿಗಾಗಿ ಬಲಿ ಕೊಡಬಹುದಾದ ಫ್ಲಾಪ್ ಸಿನಿಮಾದ ಕ್ಯಾಸೆಟ್ಟು ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ಅದರ ಗುಳಿಯಲ್ಲಿ ಕಾಗದವಿಲ್ಲ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.